ಕಾಕಂಬಿಯಲ್ಲಿ ನೆನೆದ ಟ್ಯಾಂಕ್

ಮಾರ್ಚ್ ೪, ಸಂಜೆ

ಅಕ್ಷರ ಕೆಟ್ಟದಾಗಿದೆ, ಕಾಗುಣಿತವೂ ತಪ್ಪು. ಯಾರಲ್ಲಿ ಕ್ಷಮೆ ಕೇಳುತ್ತಿದ್ದೇನೋ ಗೊತ್ತಿಲ್ಲ. ಆದರೂ ಕ್ಷಮಿಸಿ. ಆರನೇ ತರಗತಿಗೆ ಶಾಲೆ ಬಿಟ್ಟವಳು. ಅದೂ ಅಲ್ಲದೆ ಇವತ್ತೆಲ್ಲ ಸ್ಪ್ಯಾನರ್ ಹಿಡಿದು ಬೆರಳು ಮಡಚಲು ಬರುತ್ತಿಲ್ಲ.

ಅಪ್ಪನ ಹಳೇ ಶೆವ್ರೊಲೆ ಕಾರಿನ ಪೆಟ್ರೋಲ್ ಟ್ಯಾಂಕ್ ಇಳಿಸಿದೆವು. ನಾನು ಮತ್ತು ಪಕ್ಕದ ಮನೆಯ ಮೆಕ್ಯಾನಿಕ್ ಎಲಾದಿಯೊ ಮಾಮ. ಬೋಲ್ಟುಗಳು ಜಗ್ಗಲೇ ಇಲ್ಲ. ಬ್ರೇಕ್ ಆಯಿಲ್ ಹಾಕಿ, ಕಾದು, ಮೆಲ್ಲಗೆ ತಟ್ಟಿ… ಕೊನೆಗೆ ಪಟ್ಟಿ ಬಿಚ್ಚಿದಾಗ ಟ್ಯಾಂಕ್ ನನ್ನ ಎದೆಯ ಮೇಲೇ ಬಂದು ಕೂತಿತು. ಬೋರಲು ಹಾಕಿದರೆ ಕಾಫಿ ಗಸಿಯ ಹಾಗೆ ತುಕ್ಕು ಸುರಿಯಿತು. ಮುಚ್ಚಳ ಕಳುವಾದ ಮೇಲೆ ಬಟ್ಟೆ ತುರುಕಿ ಓಡಿಸಿದ್ದಲ್ಲವೇ. ಮಳೆನೀರೆಲ್ಲ ಒಳಗೆ.

ಆಮೇಲೆ ಅಪ್ಪ ಟ್ಯಾಂಕಿನ ಗೊಡವೆಯನ್ನೇ ಬಿಟ್ಟಿದ್ದ. ಸೀಟಿನ ಪಕ್ಕ ಪ್ಲಾಸ್ಟಿಕ್ ಕ್ಯಾನಿನಲ್ಲಿ ಪೆಟ್ರೋಲ್, ಅಲ್ಲಿಂದ ಎಂಜಿನ್ನಿಗೊಂದು ಪೈಪ್. ಇಲ್ಲಿನ ಅರ್ಧ ಟ್ಯಾಕ್ಸಿಗಳು ಹೀಗೇ ಓಡುತ್ತವೆ. ಈಗ ಅವನ ಶ್ವಾಸಕೋಶಕ್ಕೆ ಆ ವಾಸನೆ ಆಗದು. ಮೂಗಿಗೆ ಬಡಿದರೆ ಸಾಕು, ಕೆಮ್ಮಿ ಕೆಮ್ಮಿ ತುಟಿ ನೀಲಿ.

ಆದರೆ ಅಪ್ಪನಿಗೆ ತನ್ನ ಅಕ್ಕ ಒತೀಲಿಯಳನ್ನು ನೋಡಬೇಕಂತೆ. ಒತೀಲಿಯ ಅತ್ತೆ ಇರುವುದು ಸಮುದ್ರದ ದಂಡೆಯ ಗಾರ್ಸಾದಲ್ಲಿ. ಬಸ್ಸು ನಿಂತುಹೋಗಿದೆ. ಅಮ್ಮನ ಮಣ್ಣಿನ ದಿನ "ಈಸ್ಟರ್‌ಗೆ ಬರ್ತೀನಿ ಅಕ್ಕ" ಅಂದಿದ್ದ. ಎಷ್ಟು ಈಸ್ಟರ್ ಕಳೆದವೋ. ಈ ವರ್ಷದ್ದು ಅವನ ಪಾಲಿಗೆ ಬರುವುದೂ ಅನುಮಾನ— ಡಾಕ್ಟರ್ ನನ್ನನ್ನು ಹೊರಗೆ ಕರೆದು ಹೇಳಿದ್ದು.

ಮಾರ್ಚ್ ೫

ಟ್ಯಾಂಕಿನೊಳಗೆ ಜಲ್ಲಿ, ಸರಪಳಿ, ಸೋಪಿನ ನೀರು. ತುಕ್ಕು ಉದುರಲೆಂದು ಅಂಗಳದಲ್ಲಿ ಉರುಳಿಸಿದ್ದೇ ಉರುಳಿಸಿದ್ದು. ಅಪ್ಪನ ಮಂಚ ಕಿಟಕಿಯ ಪಕ್ಕ.

"ಏನೇ ಇದು, ಕಾರ್ನಿವಲ್ ಬಂತಾ?"

"ನಿನ್ನ ಮಗಳು ಕುಣೀತಿದಾಳೆ ಕಣೋ ಎವೆಲಿಯೊ," ಅಂದ ಮಾಮ.

"ಇವಳಾ! ಬ್ರೆಡ್ ಕೊಡಿ ಅಂತ ಕೇಳೋಕೂ ನಾಚ್ಕೊಳ್ಳೋಳು!"

ನಿಜ. ಕ್ಯೂನಲ್ಲಿ ಯಾರಾದರೂ ಮುಂದೆ ನುಗ್ಗಿದರೂ ಸುಮ್ಮನಿರುತ್ತೇನೆ.

ಮಾಮ ಆಸಿಡ್ ಹಾಕೋಣ ಅಂದ, ಒಂದೇ ದಿನದ ಕೆಲಸ. ಅಪ್ಪ ಒಪ್ಪಲಿಲ್ಲ.

"ಆಸಿಡ್ ತುಕ್ಕನ್ನೂ ತಿನ್ನುತ್ತೆ, ತಗಡನ್ನೂ ತಿನ್ನುತ್ತೆ. ದಾರೀಲಿ ಸೋರಿದ್ರೆ? ಕಾಕಂಬಿ ಹಾಕು. ಅದು ತುಕ್ಕನ್ನಷ್ಟೇ ತಿನ್ನೋದು."

"ಎರಡು ವಾರ ಬೇಕಲ್ಲೋ ಮಾರಾಯ."

"ನಾನೇನು ಎಲ್ಲಿಗಾದ್ರೂ ಓಡಿ ಹೋಗ್ತೀನಾ?"

ಮಾಮ ನನ್ನ ಮುಖ ನೋಡಿದ. ನಾನು ಸರಪಳಿ ನೋಡಿದೆ.

ಮಾರ್ಚ್ ೬

ಮುಚ್ಚಿದ ಸಕ್ಕರೆ ಕಾರ್ಖಾನೆಯ ಹತ್ತಿರ ಹಂದಿ ಸಾಕುವವರ ಬಳಿ ಕಾಕಂಬಿ ಸಿಕ್ಕಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕರಿ ಪಾಕ, ಹಂದಿಗೆ ಹಾಕುವುದು. ನೀರು ಬೆರೆಸಿ ಟ್ಯಾಂಕ್ ತುಂಬಿಸಿ, ಪೇರಲೆ ಮರದ ಕೆಳಗೆ ಇಟ್ಟೆವು. ಇನ್ನು ಕಾಯುವುದು.

ಮಾರ್ಚ್ ೧೧

ಟ್ಯಾಂಕಿನ ತುಂಬ ಇರುವೆ, ಜೇನ್ನೊಣ. ಹುಳಿ ವಾಸನೆ.

ಬೆಳಿಗ್ಗೆ ಕ್ಯಾನಿನ ಪೆಟ್ರೋಲಿನಲ್ಲೇ ಬೀದಿಯ ತಿರುವಿನ ತನಕ ಹೋಗಿ ಬರುತ್ತೇನೆ. ಕಲಿಯಬೇಕಲ್ಲ, ಅಪ್ಪ ಓಡಿಸಲಾರ. ಅವನು ಕಿಟಕಿಯಿಂದ ಕಿವಿಗೊಟ್ಟು ಮಾರ್ಕ್ಸ್ ಕೊಡುತ್ತಾನೆ. ದಿನಾ ಒಂದೇ ಮಾತು—

"ಎರಡನೇ ಗೇರ್ ತಡ."

"ಗೊತ್ತಪ್ಪಾ."

"ಗೊತ್ತಿದ್ರೆ ಹಾಕು. ಎಂಜಿನ್ ಕೂಗಿ ಕೇಳುತ್ತೆ, ನಿಂಗೆ ಉತ್ತರ ಕೊಡೋಕೂ ನಾಚಿಕೆ!"

ಮಾರ್ಚ್ ೧೭

ಅಪ್ಪ ಎದ್ದು ಕೂರುತ್ತಿಲ್ಲ. ಹುರುಳಿಕಾಳಿನ ಕಟ್ಟು ಒಂದೆರಡು ಚಮಚ, ಅಷ್ಟೆ.

ಟಾರ್ಚ್ ಹಾಕಿ ಟ್ಯಾಂಕಿನೊಳಗೆ ನೋಡಿದೆ. ಅಲ್ಲಲ್ಲಿ ಬೂದು ಬಣ್ಣದ ತಗಡು ಕಾಣುತ್ತಿದೆ. ಇನ್ನೂ ಪೂರ್ತಿ ಆಗಿಲ್ಲ. ಬೇಗ, ಬೇಗ…

ಮಾರ್ಚ್ ೨೦

ಕಾಕಂಬಿ ಚೆಲ್ಲಿ ತೊಳೆದೆವು. ಒಳಗೆ ಮೀನಿನ ಹೊಟ್ಟೆಯ ಹಾಗೆ ಬೆಳ್ಳಗಿದೆ. ತೊಳೆದ ತಕ್ಷಣ ಎಣ್ಣೆ ಸವರಬೇಕು. ಇಲ್ಲದಿದ್ದರೆ ಕಣ್ಣೆದುರೇ ಮತ್ತೆ ತುಕ್ಕು. ಸೀಮೆಎಣ್ಣೆ ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲ. ರೇಷನ್ನಿನ ಅಡುಗೆ ಎಣ್ಣೆ ನಿನ್ನೆ ತಾನೇ ಬಂದಿತ್ತು. ಅದನ್ನೇ ಎತ್ತಿಕೊಂಡು ಬಂದೆ.

"ಯೋಚನೆ ಮಾಡು ಕೂಸೇ," ಅಂದ ಮಾಮ. "ಈ ತಿಂಗಳೆಲ್ಲ ಬೇಯಿಸಿದ್ದೇ ಗತಿ."

ಸುರಿದೆ. ಎಲ್ಲ ಕಡೆ ಹರಿಯುವ ಹಾಗೆ ಟ್ಯಾಂಕನ್ನು ಮಗುವಿನಂತೆ ತೂಗಿದೆವು. ಮಾಮ ಪೇರಲೆ ಕೊಂಬೆಯಿಂದ ಮುಚ್ಚಳ ಕೆತ್ತಿದ.

ಮಾರ್ಚ್ ೨೧, ಬೆಳಿಗ್ಗೆ

ಟ್ಯಾಂಕ್ ಕೂರಿಸಿದೆವು. ಕ್ಯಾನ್ ಹೊರಗೆ. ಎಂಜಿನ್ ಮೊದಲು ಕೆಮ್ಮಿತು, ಆಮೇಲೆ ಹಿಡಿಯಿತು. ಬಿಳಿ ಹೊಗೆ.

"ಯಾರೇ ಬಾಳೆಕಾಯಿ ಕರೀತಿರೋದು?" ಒಳಗಿಂದ ಅಪ್ಪ.

"ನಮ್ಮ ಕಾರು ಕಣಪ್ಪಾ!"

ನಕ್ಕ. ನಕ್ಕು ಕೆಮ್ಮಿದ. ಇಬ್ಬರೂ ಸೇರಿ ಎತ್ತಿದೆವು. ಬಾಗಿಲ ತನಕ ಬಂದ. ಅಲ್ಲಿಂದ ಕಾರು ನೋಡಿದ. ಅಷ್ಟೇ ಆಗಿದ್ದು. ಮತ್ತೆ ಮಂಚಕ್ಕೆ.

"ನೀನು ಹೋಗು. ಅವಳನ್ನ ಕರ್ಕೊಂಡು ಬಾ."

"ಒಬ್ಬಳೇ? ನಾನಾ?"

"ಮತ್ತಿನ್ಯಾರು, ಮಂತ್ರಿ ಬರ್ತಾನಾ?"

ಮಾಮ ಟೈರಿಗೆ ಗಾಳಿ ಹಾಕುತ್ತಿದ್ದಾನೆ. ಅದು ಮುಗಿಯುವ ತನಕ ಬರೆಯುತ್ತಿದ್ದೇನೆ. ಹೊರಟೆ.

ಮಾರ್ಚ್ ೨೫

ಹೋದೆ. ಗುರುತಿಲ್ಲದವರನ್ನು ನಿಲ್ಲಿಸಿ ದಾರಿ ಕೇಳಿದೆ. ಬಾಯಿ ಬಿಟ್ಟು, ಗಟ್ಟಿಯಾಗಿ.

ಕಾರಿನ ಸದ್ದಿಗೆ ಒತೀಲಿಯ ಅತ್ತೆ ಕೋಲೂರಿಕೊಂಡು ಹೊರಗೆ ಬಂದಳು. ನನ್ನನ್ನು ನೋಡಲೇ ಇಲ್ಲ. ಬಗ್ಗಿ ಹಿಂದಿನ ಸೀಟು ನೋಡಿದಳು. "ಅವನೆಲ್ಲಿ?" ಅಂದಳು. ಹೇಳಿದೆ. ಚಪ್ಪಲಿಯನ್ನೂ ಬದಲಿಸದೆ ಹತ್ತಿ ಕೂತಳು.

ದಾರಿಯುದ್ದಕ್ಕೂ ಕರಿದ ವಾಸನೆ. "ಇದೇನು ಕಾರೋ, ಅಡುಗೆಮನೆಯೋ?" ಅಂದಳು.

ನಮ್ಮ ಬೀದಿ ತಿರುಗಿದೆ. ನಿಲ್ಲಿಸಿದೆ. ಅತ್ತೆಯ ಮಂಡಿ ಬಗ್ಗದು. ಕಾರಿನಿಂದ ಇಳಿದು, ಅಂಗಳ ದಾಟಿ, ಮೆಟ್ಟಿಲು ಹತ್ತಿ… ಬಾಗಿಲಲ್ಲಿ ಮಾಮ ಟೊಪ್ಪಿ ತೆಗೆದು ನಿಂತಿದ್ದ.

ಅತ್ತೆ ಅಪ್ಪನ ಕೈ ಹಿಡಿದಳು. ಇನ್ನೂ ಬಿಸಿಯಿತ್ತು. "ಒಂದು ಗಳಿಗೆ ಕಾಯೋಕಾಗ್ಲಿಲ್ವೇನೋ ತಮ್ಮಾ! ಚಿಕ್ಕೋನಿದ್ದಾಗಿಂದ್ಲೂ ಹೀಗೇ ನೀನು, ಹೀಗೇ…" ಬೈಯುತ್ತಲೇ ಇದ್ದಳು.

ಕಾರು ತಿರುಗಿದ್ದು ಅವನಿಗೆ ಕೇಳಿಸಿತಂತೆ. ಕಣ್ಣು ಬಿಟ್ಟನಂತೆ. "ಎರಡನೇ ಗೇರ್ ತಡ," ಅಂದನಂತೆ. ಸ್ವಲ್ಪ ತಡೆದು, "ಆದ್ರೂ ಬಂದ್ಲು." ಅಷ್ಟೇ. ಮಾಮ ಮಣ್ಣು ಮಾಡಿ ಬಂದ ಮೇಲೆ ಹೇಳಿದ.

ಆಸಿಡ್ ಹಾಕಿದ್ದರೆ ಒಂದೇ ದಿನ. ಆಗಿನ್ನೂ ಅವನು ಎದ್ದು ಕೂರುತ್ತಿದ್ದ, ಕಾರು ಹತ್ತುತ್ತಿದ್ದ. ಇದನ್ನು ಮಾಮನೂ ಯೋಚಿಸುತ್ತಿದ್ದಾನೆ, ಗೊತ್ತು.

ಮಾರ್ಚ್ ೨೬, ಬೆಳಿಗ್ಗೆ

ನಾಳೆ ಅತ್ತೆಯನ್ನು ಗಾರ್ಸಾಕ್ಕೆ ಬಿಡಬೇಕು. ಬೇಯಿಸಿದ ಬಾಳೆಕಾಯಿ ತಿಂದು ಮಲಗಿದ್ದಾಳೆ, ಅಪ್ಪನ ಮಂಚದಲ್ಲೇ.

ಕಾರು ತೆಗೆದು ತಿರುವಿನ ತನಕ ಹೋಗಿ ಬಂದೆ. ಕರಿದ ವಾಸನೆ ಕಮ್ಮಿಯಾಗಿದೆ. ವಾಪಸು ಬರುವಾಗ ಎಂಜಿನ್ ಕೂಗುವ ಮುಂಚೆಯೇ ಎರಡನೇ ಗೇರ್ ಹಾಕಿದೆ. ಕಿಟಕಿಯ ಹತ್ತಿರ ನಿಧಾನ ಮಾಡಿ, ಮಾರ್ಕ್ಸ್ ಬರುತ್ತದೇನೋ ಎಂದು ಕಿವಿಗೊಟ್ಟೆ.