ಕೋಳಿಪುಕ್ಕದ ಕಿರೀಟ

ಅಪ್ಪಾ, ಕೇಳು! ಸಮಾಧಿಗೆ ಅಂಚೆ ಹೋಗುವುದಿಲ್ಲ, ಗೊತ್ತು, ಆದರೂ ಕೇಳು! ಇಂದು ಡಬ್ಲಿನ್ನಿನಲ್ಲಿ ನಿನ್ನ ಮಗಳು ಬ್ರೋನಾ ಐರ್ಲೆಂಡಿನ ಬ್ಯಾಡ್ಮಿಂಟನ್ ಕಿರೀಟ ಗೆದ್ದಳು!

"ಕೋಳಿಪುಕ್ಕ ಹೊಡೆಯೋದೂ ಒಂದು ಆಟಾನೇನೇ? ನಮ್ಮನೇಲಿ ಹುಟ್ಟಿದವರು ಹಿಡಿಯೋದು ಹರ್ಲಿಂಗ್ ಕೋಲು!" ಎಂದು ಊರಿಗೆಲ್ಲ ಕೇಳುವಂತೆ ಗುಡುಗಿದ್ದೆಯಲ್ಲ? ಹಾಕಿಯಂತೆ ಕೋಲು ಬೀಸಿ ಆಡುವ ನಮ್ಮ ನಾಡಿನ ಹರ್ಲಿಂಗ್ ಒಂದೇ ನಿನಗೆ ಆಟ. ನನ್ನ ಒಂದು ಪಂದ್ಯಕ್ಕೂ ನೀನು ಬರಲಿಲ್ಲ. ನಾನು ಕಲಿತದ್ದು ನಮ್ಮ ಚರ್ಚಿನ ಹಾಲ್‌ನಲ್ಲಿ. ಅಲ್ಲಿ ತೊಲೆಗಳು ತಗ್ಗು. ಷಟಲ್ ಎತ್ತಿ ಹೊಡೆದರೆ ತೊಲೆಗೇ ಬಡಿಯುತ್ತಿತ್ತು. ಹಾಗಾಗಿ ಬಲೆಯನ್ನು ಸವರಿಕೊಂಡು ಹೋಗುವ ಹೊಡೆತವೇ ನನ್ನದಾಯಿತು. ಇಂದು ಎದುರಾಳಿ ಆಕಾಶಕ್ಕೆ ಎತ್ತೆತ್ತಿ ಆಡಿದಳು. ಕೊನೆಯ ಅಂಕವನ್ನು ನಾನು ಅದೇ ಚರ್ಚಿನ ಹೊಡೆತದಿಂದ ಕಿತ್ತುಕೊಂಡೆ!

ಕಪ್ ಹಿಡಿದು ಹೊರಬಂದರೆ, ಬಾಗಿಲಲ್ಲಿ ನಿನ್ನ ಹಳೆಯ ಹರ್ಲಿಂಗ್ ತಂಡದ ಮುದುಕರು ಎರಡು ಸಾಲಾಗಿ ನಿಂತು, ಹರ್ಲಿಂಗ್ ಕೋಲುಗಳನ್ನು ಕಮಾನಿನಂತೆ ಎತ್ತಿ ಹಿಡಿದಿದ್ದರು. ನಿನ್ನ ಶವಪೆಟ್ಟಿಗೆಗೂ ಹೀಗೆಯೇ ಹಿಡಿದಿದ್ದರು.

"ಏನ್ ಫಿಂಟನ್ ಮಾಮ, ಕೋಳಿಪುಕ್ಕಕ್ಕೂ ಈ ಮರ್ಯಾದೆನಾ?" ಎಂದು ಸಾಲಿನಲ್ಲಿದ್ದ ನಿನ್ನ ಗೆಳೆಯನನ್ನು ಕೇಳಿದೆ.

"ಬಾಯ್ಮುಚ್ಕೊಂಡು ನಡಿಯೇ, ತೋಳು ಬಿದ್ದೋಗ್ತಿದೆ! ನಂದಲ್ದೆ ನಿಮ್ಮಪ್ಪಂದೂ ನಾನೇ ಎತ್ತಿದೀನಿ."

ನೋಡಿದೆ. ಅವನ ಎಡಗೈಯಲ್ಲಿ ನಿನ್ನ ಕೋಲು. ಹಿಡಿಗೆ ನೀನೇ ಸುತ್ತಿದ ಕಪ್ಪು ಪಟ್ಟಿ.

ಮಿಕ್ಕವರ ಕೋಲುಗಳ ಕೆಳಗೆ ನಗುತ್ತ ನಡೆದೆ. ನಿನ್ನದರ ಕೆಳಗೆ ಬಂದಾಗ ತಲೆ ತಗ್ಗಿಸಲಿಲ್ಲ, ಅಪ್ಪಾ. ಆದರೆ ಬೇಗ ದಾಟಲೂ ಇಲ್ಲ.