ದೀಪದ ಮುಂದೆ ಗುಬ್ಬಿಯ ಪ್ರಾರ್ಥನೆ

ಮನೆಯಿಂದ,
ಶನಿವಾರ, ಮಾರ್ಚ್ ೧೫

ಪ್ರೀತಿಯ ಮಗಳೇ,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಶಾಖಕ್ಕೆ ಕುತ್ತಿಗೆಯೆಲ್ಲ ಬೆವರುಸಾಲೆ ಎದ್ದಿದೆ ಎಂದು ಬರೆದಿದ್ದೆಯಲ್ಲ, ಕಡಿಮೆಯಾಯಿತೇ? ಯಂತ್ರಗಳಿಗೆ ಎಣ್ಣೆ ಹಾಕುವುದನ್ನು ಮರೆಯದ ನೀನು ನಿನ್ನ ಊಟವನ್ನು ಮಾತ್ರ ಮರೆಯುತ್ತೀ. ನನ್ನ ಮಂಡಿ ಎಂದಿನಂತೆ ಮೂರನೇ ಮಹಡಿಯ ಮೆಟ್ಟಿಲುಗಳನ್ನು ಬೈದುಕೊಂಡೇ ಇದೆ. ನಿನ್ನ ಗುಬ್ಬಿಗೆ ಮುಂದಿನ ಎರಡು ಹಲ್ಲು ಬಿದ್ದು, ‘ಸ’ ಎಂದರೆ ಸೀಟಿ ಹೊಡೆದಂತೆ ಕೇಳುತ್ತದೆ. ಅಳಿಯಂದಿರೂ ಆರೋಗ್ಯವಾಗಿದ್ದಾರೆ. ಅವರ ಮೇಲಿನ ಸಿಟ್ಟು ಆರಲಿ, ಆಮೇಲೆ ಬರೆಯೋಣ ಎಂದು ಇಷ್ಟು ದಿನ ಕಾದೆ. ಆರುವ ಲಕ್ಷಣ ಕಾಣಲಿಲ್ಲ.

ಹೋದ ತಿಂಗಳು ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಗುಬ್ಬಿ ತನ್ನ ಸರದಿ ಬಂದಾಗ, “ಯೇಸಪ್ಪಾ, ಅಮ್ಮನ ಹಡಗು ಮುಳುಗದ ಹಾಗೆ ನೋಡ್ಕೋ, ಅಮ್ಮಂಗೆ ಈಜು ಅಷ್ಟು ಚೆನ್ನಾಗಿ ಬರಲ್ಲ” ಎಂದು ಬಿಕ್ಕಿ ಬಿಕ್ಕಿ ಅತ್ತಳು. ನಾನು ಕಣ್ಣು ಮುಚ್ಚಿದ್ದೆ. ಅಳಿಯಂದಿರು ಮುಚ್ಚಿರಲಿಲ್ಲ, ಫೋನ್ ಹಿಡಿದಿದ್ದರು. ಆ ವಿಡಿಯೊ ಮೊದಲು ನಮ್ಮ ಚರ್ಚ್ ಸಭೆಯ ವಾಟ್ಸಾಪ್ ಗುಂಪಿಗೆ ಹೋಯಿತು, ಆಮೇಲೆ ಲೋಕಕ್ಕೆಲ್ಲ. ನಾಲ್ಕು ದಿನದಲ್ಲಿ ಎರಡು ಲಕ್ಷ ಜನ ನೋಡಿದರಂತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು ಊರಿನ ಮಾತೆಲ್ಲ ಜೋಡಿಸಿಕೊಟ್ಟವಳು ನಾನು. ಲೈನ್ ಸಿಕ್ಕಿದ ತಕ್ಷಣ ನಡುವಿನಿಂದ ಸರಿದುಬಿಡಬೇಕು ಎಂಬುದು ನಮ್ಮ ಮೊದಲ ಪಾಠ. ಮಗು ದೇವರ ಹತ್ತಿರ ಮಾತಾಡುತ್ತಿದ್ದರೆ ಹೆತ್ತ ಅಪ್ಪನಿಗೆ ಅಷ್ಟೂ ತಿಳಿಯಬೇಡವೇ?

ಇನ್ನೊಂದು ಕೇಳು. ಮನೆಯಲ್ಲಿ ಟಿವಿಗೆ ಬೀಗ. ಕಾರ್ಟೂನ್ ನೋಡಿದರೆ ಮಕ್ಕಳ ಮನಸ್ಸು ಕೆಡುತ್ತದೆ ಎಂದು ಅಳಿಯಂದಿರು ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ್ದಾರೆ. ಅದೇ ಮನೆಗೆ, ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬರುವಾಗ, ವಿಡಿಯೊ ತೆಗೆಯಲೆಂದು ಬಳೆಯಂತೆ ದುಂಡಗಿನ ದೊಡ್ಡ ದೀಪವೊಂದನ್ನು ಕಾಲುಗಳ ಸಮೇತ ತಂದು ಊಟದ ಮೇಜಿನ ಪಕ್ಕ ನಿಲ್ಲಿಸಿದರು. ಮಗು ಪರದೆ ನೋಡಬಾರದು, ಪರದೆಯೊಳಗೆ ಇರಬಹುದು. ಇದು ಯಾವ ನ್ಯಾಯ?

ಸೋಮವಾರ ಸಂಜೆ ನಾನು ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದೆ. ಗುಬ್ಬಿಗೆ ಹೊಸ ಫ್ರಾಕು ಹಾಕಿ ದೀಪದ ಮುಂದೆ ಮಂಡಿಯೂರಿಸಿದ್ದರು. “ಅಳು ಬರ್ತಿಲ್ಲ ಅಪ್ಪ” ಎಂದಳು. “ಅಮ್ಮನ್ನ ನೆನಸ್ಕೋ, ಬರುತ್ತೆ” ಎಂದರು ಅವರು.

ಮಗಳೇ, ಆ ಮಾತು ಕಿವಿಗೆ ಬಿದ್ದಾಗ ತಟ್ಟೆ ಹೇಗೆ ಕೆಳಗಿಟ್ಟೆನೋ ಗೊತ್ತಿಲ್ಲ. ಹೋಗಿ ದೀಪದ ಪ್ಲಗ್ ಕಿತ್ತೆ. ಅಳಿಯಂದಿರು ಎದುರು ಮಾತಾಡುವವರಲ್ಲ, ಅವತ್ತು ಆಡಿದರು. “ಎಷ್ಟು ಜನಕ್ಕೆ ಸಾಂತ್ವನ ಸಿಕ್ಕಿದೆ ಗೊತ್ತಾ ಅತ್ತೆ? ಕ್ಯಾನ್ಸರ್ ಇರೋ ಹೆಂಗಸೊಬ್ರು ಬರೆದಿದ್ದಾರೆ, ಇವಳನ್ನ ನೋಡಿ ಮತ್ತೆ ಪ್ರಾರ್ಥನೆ ಮಾಡೋಕೆ ಶುರು ಮಾಡಿದೀನಿ ಅಂತ.” ಆ ಹೆಂಗಸಿನ ಮಾತು ನನಗೂ ತಾಕಿತು, ಸುಳ್ಳು ಹೇಳುವುದಿಲ್ಲ. ಆದರೂ ಹೇಳಿದೆ: “ಹಾಗಾದ್ರೆ ಅವರಿಗೋಸ್ಕರ ನೀವು ಮಂಡಿಯೂರಿ. ಈ ದೀಪದ ಮುಂದೆ ನೀವು ಅಳಿ. ಅವಳಿಗೆ ಏಳು ವರ್ಷ.” ಗುಬ್ಬಿ ನಮ್ಮಿಬ್ಬರ ಮುಖ ನೋಡುತ್ತಾ ಮಂಡಿಯೂರಿಯೇ ಇದ್ದಳು. ಮಲಗಿಸುವಾಗ ಕೇಳಿದಳು: “ಅಜ್ಜಿ, ಸುಮ್‌ಸುಮ್ನೆ ಅತ್ರೆ ದೇವ್ರಿಗೆ ಗೊತ್ತಾಗುತ್ತಾ? ಅಮ್ಮನ ಹಡಗಿಗೆ ಏನಾದ್ರೂ ಮಾಡ್ತಾನಾ?” ಮಗುವಿನ ಎದೆಯಲ್ಲಿ ಎಂಥ ಭಯ ಬಿತ್ತಿದ್ದೇವೆ ನೋಡು.

ಗುರುವಾರ ಅಳಿಯಂದಿರು ಅವಳನ್ನು ಶಾಲೆಯಿಂದ ಕರೆತರಲು ಹೋದಾಗ, ಗೇಟಿನ ಬಳಿ ನಾಲ್ಕೈದು ಮಕ್ಕಳು ಕೈ ಜೋಡಿಸಿ, ಮುಖ ಕಿವುಚಿ, “ಅಮ್ಮಂಗೆ ಈಜು ಬರಲ್ಲಾ” ಎಂದು ರಾಗವಾಗಿ ಅಳುವ ಆಟ ಆಡುತ್ತಿದ್ದರಂತೆ. ನಡುವೆ ನಿಂತ ಗುಬ್ಬಿಯೂ ಅವರ ಜೊತೆ ನಗುತ್ತಿದ್ದಳಂತೆ. ಅವಳ ಆ ನಗು ನೋಡಿ ಅಳಿಯಂದಿರು ಕುಸಿದುಹೋದರು. ಮನೆಗೆ ಬಂದವರು ಬೂಟೂ ಬಿಚ್ಚದೆ ಮೇಜಿಗೆ ಕೂತು ಫೋನಿನಿಂದ ಹಾಕಿದ್ದ ವಿಡಿಯೊಗಳನ್ನೆಲ್ಲ ಅಳಿಸಿದರು. ಅವಳ ಎದುರು ಕೂತು, “ಅಪ್ಪ ತಪ್ಪು ಮಾಡ್ದೆ ಕಣೇ, ಕ್ಷಮಿಸು” ಎಂದರು. ಆದರೆ ಯಾರೋ ಆ ಮೊದಲ ವಿಡಿಯೊಗೆ ಪಿಟೀಲು ಸಂಗೀತ ಸೇರಿಸಿ ಬೇರೆ ಕಡೆ ಹಾಕಿಬಿಟ್ಟಿದ್ದಾರೆ. ಅದನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ. ಗುಬ್ಬಿ ಈಗ ತನ್ನ ಸರದಿ ಬಂದರೆ ತುಟಿ ಬಿಗಿದು “ಆಮೆನ್” ಎಂದಷ್ಟೇ ಹೇಳುತ್ತಾಳೆ. ನಾವೂ ಬಲವಂತ ಮಾಡುತ್ತಿಲ್ಲ.

ಸಮುದ್ರದ ಮೇಲೆ ನಿನ್ನ ಹಗಲಿರುಳನ್ನು ಕರ್ತನು ಕಾಯಲಿ. ನಿನ್ನ ಜೊತೆಯವರಿಗೆಲ್ಲ ನನ್ನ ಆಶೀರ್ವಾದ ತಿಳಿಸು.

ನಿನ್ನ,
ಅಮ್ಮ

ಲಕೋಟೆ ಅಂಟಿಸುವ ಮುಂಚೆ ಇದೊಂದು: ವಿಡಿಯೊ ಅಳಿಸುವಾಗ ಅಳಿಯಂದಿರು ನೀನು ಕಳಿಸಿದ ಸಂದೇಶ ತೋರಿಸಿದರು. “ಹಡಗಿನಲ್ಲಿ ಎಲ್ಲರೂ ನೋಡಿ ಅತ್ತರು, ಇಂಥದ್ದು ಇನ್ನೊಂದು ಮಾಡಿ ಕಳಿಸಿ” ಎಂದು ಬರೆದವಳು ನೀನೇ. ಗುಬ್ಬಿಗೆ ಇದು ಗೊತ್ತಿಲ್ಲ, ನಾನು ಹೇಳುವುದೂ ಇಲ್ಲ. ಬಂದರು ಮುಟ್ಟಿದ ಕೂಡಲೇ ಫೋನ್ ಮಾಡಿ ನೀನೇ ಅವಳಿಗೆ ಹೇಳು. ಅವಳ ಅಪ್ಪ ಕ್ಷಮೆ ಕೇಳಿಯಾಯಿತು.