ಜಗಲಿಯ ಚಾಪೆ

೧೯೬೮ ಆಗಸ್ಟ್ ೧೯, ಸೋಮವಾರ. ಕೋಟ.

ಸೊಂಟ ಸೋತಿದೆ. ಮೊಮ್ಮಗಳು ಜಲಜಳನ್ನು ಕುಂದಾಪುರದ ಡಾಕ್ಟ್ರಮ್ಮನಿಗೆ ತೋರಿಸಿ ಬಂದೆ. ಹೇಳಬಾರದ ಜಾಗದಲ್ಲಿ ಎದ್ದ ಬೊಕ್ಕೆಗೆ ಹರ್ಪಿಸ್ ಎನ್ನುತ್ತಾರಂತೆ. ಅವಳ ಅತ್ತೆ ನಾಗದೋಷವೆಂದು ತವರಿಗೆ ಅಟ್ಟಿದ್ದಳು. ನಾಗನಿಗೆ ಬೇರೆ ಕೆಲಸವಿಲ್ಲವೇ?

"ಇದ್ ಸುಮಾರ್ ಜನಕ್ಕೆ ಇತ್ತ್ ಅಜ್ಜಿ. ಎಷ್ಟೋ ಜನಕ್ಕೆ ಗೊತ್ತೇ ಆತಿಲ್ಲೆ. ಯಾರಿಂದ, ಯಾವತ್ತ್ ಬಂತ್ ಅಂದ್ ಹೇಳುಕಾತಿಲ್ಲೆ. ಬೊಕ್ಕೆ ಇಪ್ಪಷ್ಟ್ ದಿನ ಗಂಡನ ಹತ್ರ ಮಲ್ಗುಕಾಗ, ಅಷ್ಟೆ. ಬಟ್ಲಿಂದ, ಚಾಪೆಯಿಂದ ಅಂಟುದಿಲ್ಲೆ. ಈಗ ಒಣಗತ್ತ್, ಮತ್ತೆ ಬಂದ್ರೂ ಬತ್ತ್," ಎಂದರು ಡಾಕ್ಟ್ರಮ್ಮ.

ಬೊಂಬಾಯಿಯಲ್ಲಿರುವ ಜಲಜಳ ಗಂಡನಿಗೆಂದು ಕೂಡಿಟ್ಟ ಬೈಗುಳ ನನ್ನ ಬಾಯಲ್ಲೇ ಉಳಿಯಿತು.

ಮನೆಗೆ ಬಂದವಳು ಮುಟ್ಟಾದವಳಂತೆ ಇವತ್ತೂ ಜಗಲಿಯಲ್ಲೇ ಚಾಪೆ ಹಾಸಿದಳು.

"ಮುಟ್ಟಾರೆ ನಾಲ್ಕನೇ ದಿನ ಮಿಂದ್ ಒಳಗೆ ಬಪ್ಪುದ್. ಇದಕ್ಕೆ ಮೀವುದ್ ಯಾವತ್ತ್ ಅಮ್ಮಮ್ಮ?"

ನಾನು ಅವಳ ದಿಂಬು ಎತ್ತಿಕೊಂಡೆ.

"ಇದಕ್ಕೆ ಮೀವು ದಿನ ಇಲ್ಲೆ ಹೆಣೆ. ಹಂಗಾರೆ ಹೊರಗೆ ಕೂಕಂಬುದೂ ಇಲ್ಲೆ. ಏಳ್, ಚಾಪೆ ಮಡಚ್."

ಈಗ ನನ್ನ ಮಗ್ಗುಲಲ್ಲೇ ಮಲಗಿದ್ದಾಳೆ. ಅಳುತ್ತಿದ್ದಾಳೋ, ನಿದ್ದೆಯೋ ತಿಳಿಯದು. ಅವಳ ಅತ್ತೆಗೆ ಹೇಳುವುದು ಬಹಳ ಇದೆ. ನಾಳೆ ಆಗಲಿ, ಇವತ್ತು ಕಣ್ಣು ಎಳೆಯುತ್ತಿದೆ.